ಕೆನ್ನೂಲಿಯ ನಿದ್ದೆ

ಚಿತ್ತೆ ಮಳೆಗೆ ಇನ್ನೂ ಎರಡು ವಾರವಿತ್ತು. ಬಯಲಿನ ಬೇರೆ ಬೇರೆ ಕಡೆಯಿಂದ ಅಗೆದು ತಂದ ಮಣ್ಣನ್ನು ಸಂಶೋಧನಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಪಂಪಾಂಬಿಕೆ ಜರಡಿ ಹಿಡಿಯುತ್ತಿದ್ದಳು. ಗೋಧಿ ಹಿಟ್ಟಿಗಿಂತ ನುಣ್ಣನೆಯ ಹೂಳುಮಣ್ಣು ಅದು. ಅಲುಗಿಸಿದರೆ ಸಾಕು, ನೀರಿನಂತೆ ಇಳಿದುಹೋಗುತ್ತದೆ. ಜರಡಿಯ ಮೇಲೆ ಉಳಿಯುವುದು ಬೀಜ ಮಾತ್ರ. ಆದರೆ ಮೊದಲ ಸಲ ಏನೂ ಉಳಿಯಲಿಲ್ಲ. ಸರಿಯಾಗಿ ಅಗೆದಿಲ್ಲವೇನೋ ಎಂದುಕೊಂಡು ಇನ್ನೊಂದು ಚೀಲ ಬಿಚ್ಚಿದಳು. ಅದರಲ್ಲಿ ನಾಲ್ಕಾರು ಸಿಕ್ಕವು. ಉಗುರಿನಿಂದ ಒತ್ತಿ ನೋಡಿದರೆ ಹೆಚ್ಚಿನವು ಜೊಳ್ಳು. ಸಂಜೆಯ ಹೊತ್ತಿಗೆ ಎಲ್ಲ ಚೀಲಗಳೂ ಖಾಲಿಯಾಗಿದ್ದವು. ಅವಳ ಅಂಗೈಯಲ್ಲಿದ್ದ ಗಟ್ಟಿ ಬೀಜಗಳು ಒಂದು ಚಿಟಿಕೆಯಷ್ಟೂ ಇರಲಿಲ್ಲ.

ಹೂಳಿಹಾಳದ ಮುಂದಿನ ಆ ಬಯಲು ಅವಳ ಮುತ್ತಜ್ಜಿಯ ಕಾಲದಲ್ಲಿ ದೊಡ್ಡ ಜಲಾಶಯವಾಗಿತ್ತು. ಮೇಲಿನಿಂದ ಬರುವ ನೀರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಕೊನೆಗೆ ನಿಂತೇಹೋಯಿತು. ಉಳಿದದ್ದು ಕಣ್ಣು ಹಾಯುವವರೆಗೂ ಹೂಳು. ಬೇಸಿಗೆ ಶುರುವಾದರೆ ಆಷಾಢ ಕಳೆಯುವ ತನಕ ಗಾಳಿ ಆ ಹೂಳನ್ನು ಎತ್ತಿ ಊರಿನ ಮೇಲೆ ಸುರಿಯುತ್ತಿತ್ತು. ಮುಚ್ಚಿಟ್ಟ ಅನ್ನದಲ್ಲೂ ಮಣ್ಣು, ಮಗುವಿನ ಕಣ್ಣಲ್ಲೂ ಮಣ್ಣು. ಮನೆಗೊಬ್ಬರಾದರೂ ಕೆಮ್ಮುವವರಿದ್ದರು.

ಆ ಬಯಲಿನಲ್ಲಿ ತಾನಾಗಿ ಬಂದು ನೆಲೆನಿಂತ ಗಿಡ ಒಂದೇ ಒಂದು, ಕೆನ್ನೂಲಿ. ಚುಕ್ಕೆ ಸೊಪ್ಪಿನ ದೂರದ ನೆಂಟ, ಬಕ್‌ವೀಟ್ ಧಾನ್ಯದ ಕುಟುಂಬದ್ದು. ಎಲೆ ಅಗಿದರೆ ನಾಲಿಗೆಗೆ ಹುಳಿ ಹತ್ತುತ್ತದೆ. ನೆಲಕ್ಕಂಟಿದ ನಾಲ್ಕು ದುಂಡನೆಯ ಎಲೆ, ನೂಲಿನಷ್ಟು ತೆಳ್ಳನೆಯ ಕೆಂಪು ಕಡ್ಡಿ, ಅದರ ತುದಿಯಲ್ಲಿ ಎಳ್ಳುಕಾಳಿನ ಗಾತ್ರದ ಗುಲಾಬಿ ಹೂ. ಹಿಂಗಾರಿನ ಮಳೆ ಬಿದ್ದರೆ ಮೊಳೆತು, ಒಂದೆರಡು ತಿಂಗಳಲ್ಲಿ ಹೂಬಿಟ್ಟು, ಮೂರು ಮೂಲೆಯ ಸಣ್ಣ ಕಾಳು ಕಟ್ಟಿ ಸತ್ತುಹೋಗುತ್ತದೆ. ಸತ್ತ ಮೇಲೂ ಅದು ಬೀಳುವುದಿಲ್ಲ. ಒಣಗಿದ ಕಡ್ಡಿಗಳು ಬೇಸಿಗೆಯಿಡೀ ನಿಂತೇ ಇರುತ್ತವೆ. ಅವುಗಳ ಬೇರಿನ ಹೆಣಿಗೆಯಲ್ಲಿ ಸಿಕ್ಕ ಹೂಳು ಗಾಳಿಗೆ ಏಳುವುದಿಲ್ಲ.

ತೊಂದರೆ ಏನೆಂದರೆ, ಗಿಡ ಬರುತ್ತಿದ್ದುದು ಅಲ್ಲೊಂದು ಇಲ್ಲೊಂದು. ಬೀಜಗಳು ಎಲ್ಲವೂ ಒಟ್ಟಿಗೆ ಮೊಳೆಯುತ್ತಿರಲಿಲ್ಲ. ಎಷ್ಟೇ ಮಳೆಯಾಗಲಿ, ಕೆಲವು ಏಳುತ್ತಿದ್ದವು, ಉಳಿದವು ಮಣ್ಣಿನೊಳಗೆ ಮಲಗಿಯೇ ಇರುತ್ತಿದ್ದವು. ಇಪ್ಪತ್ತು ವರ್ಷ ಮಲಗಿ ಎದ್ದ ಬೀಜಗಳೂ ಇದ್ದವು.

ಅವು ಏಳುವುದಕ್ಕೆ ನೀರಿಗಿಂತ ಮೊದಲು ಸದ್ದು ಬೇಕು ಎಂದು ಕಂಡುಹಿಡಿದವರು ಕೇಂದ್ರದ ಮುಖ್ಯಸ್ಥ ಖಾದರ್ ಬಾಷಾ. ದಪ್ಪ ಹನಿಗಳು ನೆಲಕ್ಕೆ ಬಡಿಯುವ ನಡುಕ ಬೀಜದ ಸಿಪ್ಪೆಯೊಳಗಿನ ಪೊರೆಯನ್ನು ಸಡಿಲಿಸುತ್ತದೆ. ಆಮೇಲಷ್ಟೇ ನೀರು ಒಳಗೆ ಹೋಗುತ್ತದೆ. ಎಲ್ಲ ಬೀಜಗಳಿಗೂ ಒಂದೇ ಬಡಿತ ಸಾಲುವುದಿಲ್ಲ, ಕೆಲವು ಭಾರಿ ಕಿವುಡು. ಹಾಗಾದರೆ ಅತಿ ಕಿವುಡು ಬೀಜಕ್ಕೂ ಕೇಳುವಷ್ಟು ಜೋರಾದ ಮಳೆಯ ನಡುಕವನ್ನು ಯಂತ್ರದಿಂದಲೇ ಎಬ್ಬಿಸಿದರೆ? ಬಯಲಿನ ತುಂಬ ಕಬ್ಬಿಣದ ಕಂಬಗಳನ್ನು ಆಳವಾಗಿ ಹೂಳಿಸಿ, ಚಿತ್ತೆ ಮಳೆಗೆ ಮುಂಚೆ ಒಂದು ದಿನ ಅವನ್ನು ನಡುಗಿಸಿದರು. ಊರಿನವರು ಅವಕ್ಕೆ ಮಳೆಗಂಬ ಎಂದರು, ಆ ದಿನಕ್ಕೆ ಕರೆ ಎಂದರು. ಮೊದಲ ವರ್ಷವೇ ಬಯಲಿಗೆ ಬಯಲೇ ಗುಲಾಬಿಯಾಯಿತು. ಮುಂದಿನ ಬೇಸಿಗೆಯಲ್ಲಿ ಊರು ಮೊಟ್ಟಮೊದಲ ಬಾರಿಗೆ ಕಿಟಕಿ ತೆರೆದಿಟ್ಟು ಮಲಗಿತು.

ಅದಾಗಿ ನಾಲ್ಕು ವರ್ಷ. ಈಗ ಮಾಳಿಗೆಗಳ ಮೇಲೆ ಶಾವಿಗೆ, ಸಂಡಿಗೆ ಒಣಗುತ್ತಿದ್ದವು. ಊರು ಬಿಟ್ಟು ಹೋದವರು ಮರಳಿ ಬಂದಿದ್ದರು. ಪಂಪಾಂಬಿಕೆಯ ಅತ್ತೆ ಹನುಮಕ್ಕನೂ ಹಾಗೆ ಮರಳಿದವಳೇ. ಎದೆಯಲ್ಲಿ ಧೂಳು ಕಟ್ಟಿ ಉಸಿರಿಗೆ ಕಷ್ಟವಾದಾಗ ವೈದ್ಯರು ಅವಳನ್ನು ಹೂಳಿಹಾಳದಲ್ಲಿ ಇಟ್ಟುಕೊಳ್ಳಬೇಡಿ ಎಂದಿದ್ದರು. ಕರೆಯ ಎರಡನೇ ವರ್ಷ ಮಗ ಮೌನೇಶನೇ ಹೋಗಿ ಅವ್ವನನ್ನು ಕರೆತಂದಿದ್ದ.

ಮರುದಿನ ಬೆಳಿಗ್ಗೆ ಪಂಪಾಂಬಿಕೆ ಬೀಜಗಳನ್ನು ಒಂದು ಬಟ್ಟಲಿಗೆ ಹಾಕಿಕೊಂಡು ನಿಯಂತ್ರಣ ಕೊಠಡಿಗೆ ಹೋದಳು. ಖಾದರ್ ಬಾಷಾ ಗೋಡೆಯ ಪರದೆಯ ಮುಂದೆ ನಿಂತು ಕಂಬಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಕೆಲಸ ಮಾಡುವಾಗ ಸಣ್ಣಗೆ ಗುನುಗುವ ಅಭ್ಯಾಸ.

"ಸರ್, ಈ ವರ್ಷ ಕರೆಯೋದು ಬ್ಯಾಡ" ಎಂದಳು.

ಗುನುಗು ನಿಂತಿತು. ಅವರು ಬಟ್ಟಲನ್ನು ನೋಡಿದರು. "ಇದು ಎಲ್ಲಿದು?"

"ಇಡೀ ಬಯಲಿಂದು. ಎಲ್ಲಾ ಕಡೆ ಅಗದೀನಿ. ಮಲಗಿದ್ದು ಅಂತ ಏನೂ ಉಳಿದಿಲ್ಲ. ಇರೋವು ಹೋದ ವರ್ಷ ಬಿದ್ದ ಕಾಳು, ಅದರಾಗೂ ಅರ್ಧಕ್ಕರ್ಧ ಜೊಳ್ಳು."

ಅವರು ಕುರ್ಚಿ ಎಳೆದು ಕೂತರು. ಅವಳು ವಿವರಿಸಿದಳು. ಎಲ್ಲ ಬೀಜಗಳೂ ಒಮ್ಮೆಗೇ ಎದ್ದರೆ ಗಿಡಗಳು ಒತ್ತೊತ್ತಾಗಿ ಬರುತ್ತವೆ. ಇರುವ ನೀರಿಗೆ ಕಿತ್ತಾಡಿ, ಕಾಳು ಗಟ್ಟಿಯಾಗುವ ಮೊದಲೇ ಒಣಗುತ್ತವೆ. ಕಟ್ಟಿದ ಅಷ್ಟಿಷ್ಟು ಕಾಳನ್ನೂ ಮರುವರ್ಷ ಕರೆದು ಎಬ್ಬಿಸಿಬಿಡುತ್ತೇವೆ. ಹಳೆಯ ದಾಸ್ತಾನು ಕರಗುತ್ತ ಬಂದು ಈಗ ತಳ ಕಾಣುತ್ತಿದೆ.

"ಆದ್ರೂ ಈ ವರ್ಷ ಕರದ್ರ ಬಯಲು ಮುಚ್ಚೋವಷ್ಟು ಗಿಡ ಬರ್ತಾವ" ಎಂದರು ಖಾದರ್ ಬಾಷಾ.

"ಬರ್ತಾವ. ಇರೋವೆಲ್ಲಾ ಎದ್ದು, ಮಳಿ ಆದ್ರ."

"ಹವಾಮಾನದವರು ಮಳಿ ಐತಿ ಅಂತಾರ."

"ಐತಿ ಅನ್ನಲ್ಲ ಸರ್. ಇರಬಹುದು ಅಂತಾರ. ನಾವು ಕರದ ಮ್ಯಾಲ ಮಳಿ ಕೈ ಕೊಟ್ರ ಎದ್ದಿದ್ದೆಲ್ಲಾ ಸಾಯ್ತತಿ. ಆಮ್ಯಾಲ ಕರಿಯಾಕ ಮಣ್ಣಾಗ ಯಾರೂ ಇರಂಗಿಲ್ಲ."

ಮಳೆ ಬಂದ ಮೇಲೆ ಕರೆಯುವ ಹಾಗಿರಲಿಲ್ಲ. ಒದ್ದೆ ಹೂಳು ನಡುಕವನ್ನು ನುಂಗಿಬಿಡುತ್ತದೆ, ಕರೆಯುವುದಾದರೆ ನೆಲ ಒಣಗಿರುವಾಗಲೇ ಕರೆಯಬೇಕು. ಅರ್ಧ ಬಯಲನ್ನಷ್ಟೇ ಎಬ್ಬಿಸೋಣವೆಂದರೆ ಇಡೀ ಹೂಳು ಬಿಗಿದ ನಗಾರಿಯ ಚರ್ಮದಂತೆ. ಒಂದು ಮೂಲೆಯಲ್ಲಿ ಬಡಿದರೆ ಇನ್ನೊಂದು ಮೂಲೆಗೂ ಕೇಳುತ್ತದೆ. ಬೀಜ ಆಯ್ದು ಕೂಡಿಡುವುದನ್ನೂ ಅವರು ಹಿಂದೆಯೇ ಮಾಡಿ ನೋಡಿದ್ದರು. ಹೂಳಿನೊಳಗೆ ದಶಕಗಟ್ಟಲೆ ಬಾಳುವ ಕಾಳು ಡಬ್ಬಿಯಲ್ಲಿ ವರ್ಷ ತುಂಬುವುದರೊಳಗೆ ಸತ್ತಿರುತ್ತಿತ್ತು.

"ಕರೀದಿದ್ರ ಧೂಳು ಬರ್ತತಿ" ಎಂದರು ಅವರು ಕೊನೆಗೆ. "ಒಂದು ವರ್ಷ ಅಲ್ಲ. ದಾಸ್ತಾನು ಕೂಡೋತನಕ, ಎರಡೋ ಮೂರೋ ವರ್ಷ. ನಿಮ್ಮ ಅತ್ತಿ ಮನ್ಯಾಗ ಅದಾರ, ಗೊತ್ತೈತಲ್ಲ ನಿನಗ?"

"ಗೊತ್ತೈತಿ ಸರ್."

ಅವರು ಎದ್ದು ಹೊರಗೆ ಹೋದರು. ಮಧ್ಯಾಹ್ನ ಪಂಪಾಂಬಿಕೆ ಕಿಟಕಿಯಿಂದ ನೋಡಿದಾಗ ಅವರು ಬಿಸಿಲಿನಲ್ಲಿ ಮೊಣಕಾಲೂರಿ ಕೂತು ತಾವೇ ಮಣ್ಣು ಅಗೆಯುತ್ತಿದ್ದರು. ಒಂದು ಕಡೆ ಅಗೆದು, ಜರಡಿ ಹಿಡಿದು, ಸ್ವಲ್ಪ ಮುಂದೆ ಹೋಗಿ ಮತ್ತೆ ಅಗೆಯುತ್ತಿದ್ದರು. ತನ್ನ ಮಾತಿನ ಮೇಲೆ ನಂಬಿಕೆಯಿಲ್ಲವೆಂದು ಅವಳಿಗೇನೂ ಬೇಜಾರಾಗಲಿಲ್ಲ. ಅವರ ಜಾಗದಲ್ಲಿದ್ದರೆ ಅವಳೂ ಹಾಗೇ ಮಾಡುತ್ತಿದ್ದಳು.

ಮನೆಯಲ್ಲಿ ವಿಷಯ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಹನುಮಕ್ಕ ಪಡಸಾಲೆಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದಳು. ಮೌನೇಶ ರೇಡಿಯೋ ರಿಪೇರಿ ಮಾಡುತ್ತಿದ್ದ. ಪಂಪಾಂಬಿಕೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಹನುಮಕ್ಕ ಕೈ ನಿಲ್ಲಿಸಲಿಲ್ಲ.

"ಅಂದ್ರ ನಾ ಮತ್ತ ಗಂಟು ಕಟ್ಟಬೇಕು ಅಂತಾತು" ಎಂದಳು.

"ಅತ್ತಿ, ನಾ ಹಂಗಂದಿಲ್ರಿ..."

"ಮತ್ತ ಹೆಂಗವ್ವ? ಧೂಳು ಬಂದ್ರ ನಾ ಇಲ್ಲಿ ಉಳೀತೀನೇನು? ಮಳಿ ಬರಂಗಿಲ್ಲ ಅಂತ ನಿನಗ ಯಾರು ಹೇಳ್ಯಾರ? ಬಂದ್ರ?"

"ಬಂದ್ರ ಒಳ್ಳೇದು. ಬರದಿದ್ರ ಯಾವತ್ತಿಗೂ ಇಲ್ಲ."

"ಯಾವತ್ತಿಗೂ!" ಹನುಮಕ್ಕ ಸಿಪ್ಪೆಗಳನ್ನು ಬುಟ್ಟಿಗೆ ತಳ್ಳಿದಳು. "ನನಗ ಇರೋದು ನಾಕು ದಿನ. ಯಾವತ್ತಿಗೂ ಅನ್ನೋದು ತಗೊಂಡು ನಾ ಏನ್ ಮಾಡ್ಲಿ?"

ಮೌನೇಶ ತಲೆಯೆತ್ತಲಿಲ್ಲ. ಅವ್ವ ಒಳಗೆ ಹೋದ ಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ: "ಪಂಪಾ, ನೀ ತಪ್ಪು ಹೇಳಾಕತ್ತೀ ಅನ್ನಂಗಿಲ್ಲ. ಆದ್ರ ಇದಕ್ಕ ನಾ ಹೂಂ ಅನ್ನಾಕ ಆಗಂಗಿಲ್ಲ. ನನ್ನ ಕಡಿಂದ ಅದನ್ನ ಮಾತ್ರ ಕೇಳಬ್ಯಾಡ."

ಅವಳು ಕೇಳಲಿಲ್ಲ.

ತೀರ್ಮಾನ ಊರಿನದಾಗಬೇಕೆಂದು ಖಾದರ್ ಬಾಷಾ ಹೇಳಿದ್ದರಿಂದ ಭಾನುವಾರ ಸಮುದಾಯ ಭವನದಲ್ಲಿ ಸಭೆ ಸೇರಿತು. ಕೂರಲು ಜಾಗವಿಲ್ಲದೆ ಜನ ಬಾಗಿಲಾಚೆಯೂ ನಿಂತಿದ್ದರು. ಪಂಪಾಂಬಿಕೆ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಕರೆಯದಿದ್ದರೆ ಬರುವ ಧೂಳನ್ನೂ ಮುಚ್ಚಿಡಲಿಲ್ಲ.

ಶಾವಿಗೆ ಮಾಡಿಸುವ ರಂಗವ್ವ ಎದ್ದು ನಿಂತಳು. "ನನ್ನ ಕೈಕೆಳಗ ಎಂಟು ಹೆಣ್ಮಕ್ಕಳು ದುಡೀತಾರ. ಮಾಳಗಿ ಮ್ಯಾಲ ಮಣ್ಣು ಬಿದ್ರ ಅವರು ಏನ್ ಮಾಡಬೇಕು, ಅದನ್ನೂ ಹೇಳ್ರಿ."

"ಒಳಗ ಒಣಗಿಸಬೇಕಾಗ್ತತಿ ರಂಗವ್ವ. ನಿಮಗ ನಷ್ಟಾನ ಆಗ್ತತಿ" ಎಂದಳು ಪಂಪಾಂಬಿಕೆ.

ಯಾರೋ ಹಿಂದಿನಿಂದ ಕೂಗಿದರು, "ಬಾಷಾ ಸಾಹೇಬ್ರು ಹೇಳ್ಲಿ! ಯಂತ್ರ ಅವರದು."

ಖಾದರ್ ಬಾಷಾ ಕೂತಲ್ಲಿಂದಲೇ ಮಾತಾಡಿದರು. "ನನ್ನನ್ನ ಕೇಳಿದ್ರ ಕರೀಬೇಕು ಅಂತ ಮನಸ್ಸು ಬರ್ತತಿ. ಹತ್ತು ವರ್ಷ ಅದಕ್ಕ ಜೀವ ತೇದೀನಿ. ಆದ್ರ ನಾನೂ ಅಗದು ನೋಡೀನಿ. ಈಕಿ ಹೇಳಿದ್ದು ಖರೇ. ನಾವು ವರ್ಷಾ ವರ್ಷಾ ಹೂ ನೋಡಿ ಖುಷಿಪಟ್ವಿ. ಮಣ್ಣು ನೋಡಲಿಲ್ಲ, ನಾನೂ ನೋಡಲಿಲ್ಲ."

ಕೈ ಎತ್ತುವ ಹೊತ್ತು ಬಂತು. ಕರೆಯಿರಿ ಎನ್ನುವವರ ಕೈಗಳು ಮೊದಲು ಎದ್ದವು. ರಂಗವ್ವನದು ಎದ್ದಿತು. ಮೂರನೇ ಸಾಲಿನಲ್ಲಿ ಹನುಮಕ್ಕನ ಕೈಯೂ ನೆಟ್ಟಗೆ ಎದ್ದಿತು, ಸೊಸೆಯ ಮುಖವನ್ನೇ ನೋಡುತ್ತ. ಆಮೇಲೆ ಬೇಡ ಎನ್ನುವವರದು. ಮೌನೇಶ ಎರಡಕ್ಕೂ ಕೈ ಎತ್ತದೆ ಕೂತಿದ್ದ. ಎಣಿಸಿದವರು ಮತ್ತೊಮ್ಮೆ ಎಣಿಸಬೇಕಾಯಿತು. ಬೇಡ ಎಂದವರು ಸ್ವಲ್ಪವೇ ಹೆಚ್ಚಿದ್ದರು.

ಆ ವರ್ಷ ಮಳೆಗಂಬಗಳು ನಡುಗಲಿಲ್ಲ.

ಮಳೆಯೋ, ಯಾವ ವರ್ಷವೂ ಬಾರದ ಹಾಗೆ ಬಂತು. ಚಿತ್ತೆಯೂ ಸುರಿಯಿತು, ಸ್ವಾತಿಯೂ ಸುರಿಯಿತು. ಬಯಲಿನ ತಗ್ಗುಗಳಲ್ಲಿ ನೀರು ನಿಂತು ಕಪ್ಪೆಗಳು ಕೂಗಿದವು. ಕರೆದಿದ್ದರೆ ಬಯಲು ಹಾಸಿಗೆ ಹಾಸಿದಂತೆ ಆಗುತ್ತಿತ್ತು, ಇದು ಸಣ್ಣ ಮಕ್ಕಳಿಗೂ ತಿಳಿಯುವ ಮಾತು. ಎದ್ದದ್ದು ಮಾತ್ರ ಮಾರು ದೂರಕ್ಕೊಂದು ಗಿಡ. ಪಂಪಾಂಬಿಕೆ ಸಂತೆಗೆ ಹೋದರೆ ಮಾತು ನಿಲ್ಲುತ್ತಿತ್ತು. ಒಬ್ಬ ಕಿರಾಣಿ ಅಂಗಡಿಯವನು ಬೆಲ್ಲ ತೂಗುತ್ತ ಕೇಳಿದ, "ನಿಮ್ಮ ಬೀಜಗುಳು ಆರಾಮ ನಿದ್ದಿ ಮಾಡಾಕತ್ಯಾವೇನ್ರಿ, ಮೇಡಂ?" ಅವಳು "ಹೂಂ" ಎಂದು ಬೆಲ್ಲ ತೆಗೆದುಕೊಂಡು ಬಂದಳು.

ಫಾಲ್ಗುಣ ಬಂದಾಗ ಮೊದಲ ಧೂಳೆದ್ದಿತು. ರಂಗವ್ವನ ಹೆಂಗಸರು ಶಾವಿಗೆಯನ್ನು ಶಾಲೆಯ ಖಾಲಿ ಕೋಣೆಗೆ ಸಾಗಿಸಿ ಫ್ಯಾನ್ ಕೆಳಗೆ ಒಣಗಿಸಿದರು. ಬಿಸಿಲಿನ ಗರಿಗರಿ ಅದಕ್ಕೆ ಬರಲಿಲ್ಲ. ಜನ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟಿದರು. ಹನುಮಕ್ಕ ಒಂದು ವಾರ ತಡೆದಳು. ಕೂತಲ್ಲೇ ಕೂತು, ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತ ತಡೆದಳು. ಎಂಟನೇ ದಿನ ಮೌನೇಶ ಅವಳನ್ನು ಕುಷ್ಟಗಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಬಿಡಲು ಹೊರಟ. ಪಂಪಾಂಬಿಕೆ ಬಸ್ಸಿನ ತನಕ ಚೀಲ ಹೊತ್ತಳು. ಅತ್ತೆಯ ಕಾಲಿಗೆ ಬಿದ್ದಾಗ ಹನುಮಕ್ಕ ಅವಳ ತಲೆ ಮುಟ್ಟಿ ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೆ ಎದ್ದ ಧೂಳಿನಲ್ಲಿ ಪಂಪಾಂಬಿಕೆ ಬಹಳ ಹೊತ್ತು ನಿಂತಿದ್ದಳು. ತಾನು ಮಾಡಿದ್ದು ತಪ್ಪು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಬಾಯ್ತುಂಬ ಕ್ಷಮೆ ಕೇಳಬಹುದಿತ್ತು. ಆ ಹಗುರವೂ ಅವಳಿಗಿರಲಿಲ್ಲ.

ಮರುವರ್ಷದ ಮಳೆ ಮೋಸ ಮಾಡಿತು. ಚಿತ್ತೆಯ ಮೊದಲ ದಿನವೇ ಒಂದು ಗಳಿಗೆ ಜೋರಾಗಿ ಬಡಿದು, ಆಮೇಲೆ ಮೋಡ ಸರಿದು ಬಿಸಿಲು ನಿಂತಿತು. ಆ ಬಡಿತಕ್ಕೆ ಎದ್ದ ಸಸಿಗಳು ಎರಡೆಲೆ ಬಿಟ್ಟು, ಮೂರನೆಯದಕ್ಕೆ ಕಾಯುತ್ತ, ಹಾಗೇ ಕರಿದಂತಾದವು. ಬಯಲಿನಲ್ಲಿ ಒಂದೂ ಹೂವಾಗಲಿಲ್ಲ.

ಆ ವಾರ ಖಾದರ್ ಬಾಷಾ ಅವಳ ಮನೆಗೆ ಬಂದರು. ಅದುವರೆಗೆ ಎಂದೂ ಬಂದವರಲ್ಲ. ಮೌನೇಶ ಚಾಪೆ ಹಾಸಿದ, ಪಂಪಾಂಬಿಕೆ ಚಹಾ ಕೊಟ್ಟಳು. ಅವರು ಬಸಿಯಲ್ಲಿ ಸುರಿದುಕೊಂಡು ನಿಧಾನವಾಗಿ ಕುಡಿದರು.

"ಬೆಳಗ್ಗಿಂದ ಅಗದೆ" ಎಂದರು. "ಅದಾವ. ಒಳಗ, ಗಟ್ಟಿ ಅದಾವ. ಹೋದ ವರ್ಷದ ಗಿಡ ಕೆಲವ ಇದ್ರೂ ನೀರು ಹೇರಳ ಸಿಕ್ಕಿತ್ತಲ್ಲ, ಒಂದೊಂದಕ್ಕೂ ಕಾಳು ಕಿಕ್ಕಿರಿದು ಕಟ್ಯಾವ. ಈ ಸಲ ಸತ್ತಿದ್ದು ಮ್ಯಾಲ ಎದ್ದೋವು ಅಷ್ಟ."

"ನಾನೂ ನೋಡೀನಿ ಸರ್."

"ಹೋದ ವರ್ಷ ಕರದಿದ್ರ ಚಲೋ ಇರ್ತಿತ್ತು. ಆ ಹುರುಪಿನ್ಯಾಗ ಈ ವರ್ಷಾನೂ ಕರೀತಿದ್ದೆ ನಾನು, ಒಂದೂ ಉಳೀತಿರಲಿಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ." ಅವರು ಬಸಿ ಕೆಳಗಿಟ್ಟರು. "ಕಂಬ ಕೀಳಿಸಿಬಿಡ್ಲೇನು?"

ಪಂಪಾಂಬಿಕೆ ಯೋಚಿಸಿದಳು. "ಬ್ಯಾಡ ಸರ್. ಇರ್ಲಿ. ದಾಸ್ತಾನು ತುಂಬಿದ ಮ್ಯಾಲೂ ಒಂದೊಂದು ವರ್ಷ ಗಾಳಿ ಭಾಳ ಅಂದ್ರ ಒಮ್ಮಿ ಕರಿಯೋಣಂತ. ವರ್ಷಾ ವರ್ಷಾ ಬ್ಯಾಡ. ಅದೂ ಸಣ್ಣ ದನಿಲೆ, ಕಿವುಡಿಲ್ಲದವಕ್ಕಷ್ಟ ಕೇಳಂಗ."

ಅವರು ಮೊದಲ ಬಾರಿಗೆ ನಕ್ಕರು. "ಸಣ್ಣ ದನಿಲೆ. ಅದನ್ನ ಮಾಡಾಕ ಇನ್ನೊಂದು ಹತ್ತು ವರ್ಷ ಬೇಕು ನನಗ" ಎಂದರು. ಮರುದಿನದಿಂದಲೇ ಕೊಠಡಿಯಲ್ಲಿ ಮತ್ತೆ ಗುನುಗು ಕೇಳಿಸತೊಡಗಿತು.

ಮೂರನೇ ವರ್ಷ ಮಳೆ ಹದವಾಗಿ, ಬಿಟ್ಟು ಬಿಟ್ಟು ಬಂತು. ಕೆನ್ನೂಲಿ ಎದ್ದಿತು. ಹಿಂದಿನ ಹಾಸಿಗೆಯಂತಲ್ಲ, ಹರಿದ ಕೌದಿಯಂತೆ. ಇಲ್ಲೊಂದು ಗುಲಾಬಿ ತೇಪೆ, ಮಧ್ಯೆ ಬೋಳು ಹೂಳು, ಆಚೆ ಇನ್ನೊಂದು ತೇಪೆ. ಆದರೆ ಗಾಳಿ ಬರುವ ಪಡುವಣ ದಿಕ್ಕಿನಲ್ಲಿ ತೇಪೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಆ ಬೇಸಿಗೆ ಧೂಳು ಎದ್ದಿತಾದರೂ ಊರಿನ ಅಂಚಿನಲ್ಲೇ ಸೋತು ಕೂತಿತು. ಜನ ಕೆಲವು ದಿನ ಕಿಟಕಿ ಮುಚ್ಚಿದರು, ಕೆಲವು ದಿನ ತೆರೆದರು. ಗಾಳಿ ಎತ್ತ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡು ಶಾವಿಗೆ ಹರವುವುದನ್ನು ರಂಗವ್ವ ಕಲಿತಳು. ಮಳೆಗಾಲ ಕಳೆದು ನಾಲ್ಕನೆಯ ವರ್ಷದ ಹೂ ಬಂದಾಗ ಬೋಳು ಜಾಗಗಳು ಇನ್ನಷ್ಟು ಕಿರಿದಾಗಿದ್ದವು.

ಒಂದು ಬೆಳಿಗ್ಗೆ ಬಯಲಿನ ಕೆಲಸ ಮುಗಿಸಿ ಬರುತ್ತಿದ್ದ ಪಂಪಾಂಬಿಕೆಗೆ ಜಲಾಶಯದ ಹಳೆಯ ಏರಿಯ ಮೇಲೆ ಯಾರೋ ಕೂತಿರುವುದು ಕಂಡಿತು. ಹತ್ತಿರ ಹೋದರೆ ಹನುಮಕ್ಕ. ಬಸ್ಸಿಳಿದು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಬಯಲು ನೋಡುತ್ತಿದ್ದಳು. ಯಾರಿಗೂ ಹೇಳಿ ಬಂದಿರಲಿಲ್ಲ.

"ಅತ್ತಿ! ಫೋನ್ ಮಾಡಿದ್ರ ಅವರು ಬಂದು ಕರಕೊಂಡು ಬರ್ತಿದ್ರಲ್ರಿ."

"ಅಂವ ಯಾಕ? ಬಸ್ಸು ಹತ್ತಾಕ ನನಗ ಕಾಲಿಲ್ಲೇನು?" ಹನುಮಕ್ಕ ಹೂವುಗಳ ಕಡೆ ಗದ್ದ ತಿರುಗಿಸಿದಳು. "ಭಾಳ ಕಡಿಮಿ ಅದಾವಲ್ಲ."

"ಉಳದವು ಮಣ್ಣಾಗ ಅದಾವ್ರಿ. ಬೇಕಾದಷ್ಟು."

ಗಾಳಿಗೆ ಕೆಂಪು ಕಡ್ಡಿಗಳು ಒಟ್ಟಿಗೆ ಬಾಗಿ ಎದ್ದವು.

"ಅವತ್ತ ನಾ ಕರೀರಿ ಅಂತ ಕೈ ಎತ್ತಿದ್ದೆ" ಎಂದಳು. "ಇವತ್ತ ಕೇಳಿದ್ರೂ ಅದಕ್ಕ ಎತ್ತೀನಿ. ನನಗ ಉಸಿರು ಬೇಕಾಗಿತ್ತು."

"ಹೌದ್ರಿ. ಬೇಕಾಗಿತ್ತು."

"ನೀನೂ ಮತ್ತ ಅದನ್ನ ಹೇಳತಿದ್ದಿ, ಬ್ಯಾಡ ಅಂತ."

"ಹೇಳತಿದ್ದೆ."

"ಹಠಮಾರಿ" ಎಂದಳು ಹನುಮಕ್ಕ. ಕೈ ಚಾಚಿದಳು. ಪಂಪಾಂಬಿಕೆ ಅವಳನ್ನು ಎಬ್ಬಿಸಿ, ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ಏರಿಯಿಂದ ಮನೆಗೆ ಹತ್ತಿರದ ದಾರಿ ಬಯಲನ್ನು ಅಡ್ಡ ಹಾಯ್ದು ಹೋಗುತ್ತಿತ್ತು. ಹನುಮಕ್ಕ ಅತ್ತ ಎರಡು ಹೆಜ್ಜೆ ಇಟ್ಟು ನಿಂತಳು. ಕಾಲ ಮುಂದೆ, ಚಪ್ಪಲಿಯ ತುದಿಗೆ ತಾಗುವಷ್ಟು ಹತ್ತಿರ, ಎಳ್ಳುಕಾಳಿನಂಥ ಹೂಗಳು ಅರಳಿದ್ದವು. ಅವಳು ಬಗ್ಗಿ ನೋಡಿದಳು. ಬಗ್ಗಿದ್ದಕ್ಕೆ ಉಸಿರು ಸ್ವಲ್ಪ ಏರಿತು, ಇಳಿಯಿತು.

"ಸುತ್ತು ಹಾಕ್ಕೊಂಡ ಹೋಗೂಣು" ಎಂದು ಸೊಸೆಯ ತೋಳು ಹಿಡಿದು ಏರಿಯ ಮೇಲಿನ ದೂರದ ದಾರಿಗೆ ತಿರುಗಿದಳು.